ಗಾಳಿ ಕುಡಿದ ಗಾಡಿ

ತೆಳ್ಳಗಿರುವುದು ಮನುಷ್ಯರಿಗೆ ಲೇಸೆಂದು ಡಾಕ್ಟರರು ಹೇಳುತ್ತಾರೆ. ಎಂಜಿನ್ನಿಗೆ ಮಾತ್ರ ಅದು ಕೇಡು. ಈ ಮಾತು ನನಗೆ ತಿಳಿದದ್ದು ನಮ್ಮ ಹಳೆಯ ಪೆಟ್ರೋಲ್ ಪಿಕಪ್ಪಿನಿಂದ. ಸವಣೂರಿನ ಎಲೆತೋಟಗಳಿಂದ ವೀಳ್ಯದೆಲೆಯ ಬುಟ್ಟಿಗಳನ್ನು ಪೇಟೆಗೆ ಮುಟ್ಟಿಸುವುದು ಅದರ ಕೆಲಸ. ಎಲೆ ಕಾಯುವ ಸರಕಲ್ಲ. ಹಾದಿಯಲ್ಲಿ ಬಿಸಿಲಿಗೆ ಬಾಡಿತೆಂದರೆ ಬೆಲೆಯೂ ಬಾಡಿತು.

ಅಂಥ ಗಾಡಿ ಒಮ್ಮೆ ಹಟ ಹಿಡಿಯಿತು. ನಿಂತಲ್ಲಿ ನಡುಗಿ ಆರಿಹೋಗುವುದು, ಎಕ್ಸಲರೇಟರ್ ಒತ್ತಿದೊಡನೆ ಕಾರ್ಬುರೇಟರಿನಲ್ಲಿ 'ಫಟ್' ಎಂದು ಸೀನುವುದು. "ವೈನಿ, ಎಂಜಿನ್ ಬಿಚ್ಚಬೇಕಂತ" ಎಂದು ಮೈದುನ ಮುಖ ಸಣ್ಣದು ಮಾಡಿಕೊಂಡು ಬಂದ. ಖರ್ಚಿನ ಅಂದಾಜು ಕೇಳಿ, ಗಾಡಿ ಮಾರುವ ಮಾತೂ ಮನೆಯಲ್ಲಿ ಎದ್ದಿತು.

ಕೊನೆಗೆ ಹಿರಿಯ ಮಿಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಮೊದಲು ಚೋಕ್ ಎಳೆದರು. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾದದ್ದೇ ತಡ, ನಡುಕ ನಿಂತಿತು. ಆಮೇಲೆ ಪ್ಲಗ್ ಬಿಚ್ಚಿ ತೋರಿಸಿದರು. ವಿಭೂತಿ ಬಳಿದಂತೆ ಬೆಳ್ಳಗಿತ್ತು. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬಿಸ್ಕೀಟಿನ ಬಣ್ಣವಿದ್ದರೆ ಹದ, ಬೆಳ್ಳಗಾದರೆ ಗಾಳಿ ಜಾಸ್ತಿಯಂತೆ. "ಎಲ್ಲೋ ಏರ್ ಎಳಿಯಾಕ ಹತ್ತೈತ್ರಿ ಅಕ್ಕಾರ" ಎಂದರು.

ಒಂದು ಕಿಲೋ ಪೆಟ್ರೋಲ್ ಹದವಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಗಾಳಿ ಅದಕ್ಕಿಂತ ಹೆಚ್ಚಾದರೆ ಮಿಶ್ರಣ ತೆಳುವಾಯಿತು, 'ಲೀನ್' ಆಯಿತು ಎನ್ನುತ್ತಾರೆ. ಹಾಗೆಯೇ ಓಡಿಸಿದರೆ ಎಂಜಿನ್ ಅತಿಯಾಗಿ ಕಾದು ವಾಲ್ವ್ ಸುಡಬಹುದು. ಮೇನ್ ಜೆಟ್ಟಿನಲ್ಲಿ ಕಸ ಕಟ್ಟಿದರೂ ಲೀನ್ ಆಗುತ್ತದೆ. ಆದರೆ ಆ ದೋಷ ಓಟದಲ್ಲಿ ಹೆಚ್ಚು ಕಾಡುತ್ತದೆ. ನಮ್ಮ ಗಾಡಿ ಓಟ ಹಿಡಿದ ಮೇಲೆ ಸರಿಯಾಗಿಯೇ ಇರುತ್ತಿತ್ತು.

ಮಿಸ್ತ್ರಿ ನನ್ನಿಂದ ಸೋಪಿನ ನೀರು ಕೇಳಿ ತರಿಸಿಕೊಂಡರು. ಗ್ಯಾಸ್ ಸಿಲಿಂಡರಿನ ಪೈಪು ಸೋರುತ್ತದೆಯೇ ಎಂದು ನಾವು ನೋಡುತ್ತೇವಲ್ಲ, ಅದೇ ಉಪಾಯ. ಒಂದೇ ವ್ಯತ್ಯಾಸ: ಅಲ್ಲಿ ಗ್ಯಾಸು ಹೊರಗೆ ನುಗ್ಗಿ ಗುಳ್ಳೆ ಏಳುತ್ತದೆ, ಇಲ್ಲಿ ಎಂಜಿನ್ ಒಳಕ್ಕೆ ಎಳೆದುಕೊಂಡು ನೊರೆ ಮಾಯವಾಗುತ್ತದೆ. ಎಂಜಿನ್ ಚಾಲೂ ಇಟ್ಟು ಒಂದೊಂದೇ ಜೋಡಣೆಗೆ ನೀರು ಹಚ್ಚುತ್ತ ಹೋದರು. ಹಿಂಬದಿಯ ರಬ್ಬರ್ ಪೈಪಿನ ಬಳಿ ನೊರೆ ಒಳಗೆ ಹೋಯಿತು, ಎಂಜಿನ್ನಿನ ಸದ್ದೂ ಬದಲಾಯಿತು. ಶಾಖಕ್ಕೆ ಸೆಟೆದು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಗೇಣುದ್ದದ ಪೈಪು ಬದಲಾಯಿತು, ಗಾಡಿ ಉಳಿಯಿತು. ವಾರದ ಬಳಿಕ ನೋಡಿದರೆ ಪ್ಲಗ್ಗಿಗೆ ಬಿಸ್ಕೀಟಿನ ಬಣ್ಣ ಬಂದಿತ್ತು.

ಈಗಿನ ಹೊಸ ಗಾಡಿಗಳಲ್ಲಿ ಕಾರ್ಬುರೇಟರ್ ಇಲ್ಲ, ಗಾಳಿ-ಪೆಟ್ರೋಲಿನ ಲೆಕ್ಕವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಹಳೆಯದನ್ನೇ ನಂಬಿದ ನಮ್ಮಂಥವರು ಗ್ಯಾರೇಜಿಗೆ ಹೋಗುವ ಗಂಡಸರಿಗೆ ಬುತ್ತಿಯ ಜೊತೆ ಎರಡು ಪ್ರಶ್ನೆಗಳನ್ನೂ ಕಟ್ಟಿಕೊಡುವುದು ಒಳ್ಳೆಯದು: ಚೋಕ್ ಎಳೆದು ನೋಡಿದಿರಾ? ಪ್ಲಗ್ಗಿನ ಬಣ್ಣ ಯಾವುದು? ಬಿಚ್ಚುವ ಮಾತು ಆಮೇಲೆ.