ಕುರಿ ಕಾಯುವವನ ಹೊಣೆ

ಕುರಿ ಮೇಯಿಸದ ಪ್ರವಾದಿಗಳೇ ಇಲ್ಲ ಎಂಬ ಅರ್ಥದ ಹದೀಸನ್ನು ಮದ್ರಸದಲ್ಲಿ ಕಲಿಸುವಾಗಲೆಲ್ಲ ಮಕ್ಕಳಿಗೆ ಅಚ್ಚರಿಯಾಗುತ್ತದೆ. ತಾವೂ ಮೇಯಿಸಿದ್ದೀರಾ ಎಂದು ಸಹಾಬಿಗಳು ಕೇಳಿದಾಗ, ಮಕ್ಕಾದವರ ಕುರಿಗಳನ್ನು ಕೆಲವು ಕೀರಾತ್‌ಗಳ ಕೂಲಿಗೆ ಮೇಯಿಸಿದ್ದನ್ನು ಪ್ರವಾದಿ(ಸ) ಹೇಳಿದರೆಂದು ಬುಖಾರಿಯಲ್ಲಿ ವರದಿಯಾಗಿದೆ. ಈ ಪಾಠ ಮಾಡುವಾಗ ನಮಗೆ ಮಾತ್ರ ಆಟಿ ತಿಂಗಳ ಒಂದು ರಾತ್ರಿ ನೆನಪಾಗುತ್ತದೆ.

ಬಯಲುಸೀಮೆಯ ಕುರುಬರು ಮಂದೆಯೊಡನೆ ಊರೂರು ಅಲೆಯುತ್ತಾ, ದಾರಿಯಲ್ಲಿ ಹುಟ್ಟಿದ ಮರಿಗಳನ್ನು ಕಂಬಳಿಯಲ್ಲಿ ಹೊತ್ತು ನಡೆಯುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಳೆಗೆ ಕುರಿ ಒಗ್ಗುವುದಿಲ್ಲ. ಇಲ್ಲಿ ಆಡು ಸಾಕುವುದೇ ರೂಢಿ. ಬೆಳ್ತಂಗಡಿ ಕಡೆಯ ನಮ್ಮ ಮನೆಯಲ್ಲೂ ಅಡಿಕೆ ಸಲಾಕೆಯ ಅಟ್ಟಳಿಗೆ ಹಾಕಿದ ಆಡಿನ ಗೂಡೊಂದಿತ್ತು.

ಆ ವರ್ಷ ಉಮ್ಮ, ಬಾಣಂತಿಯಾಗಿದ್ದ ಅಕ್ಕನ ಆರೈಕೆಗೆ ಮೂಡುಬಿದಿರೆಗೆ ಹೋಗಿದ್ದರು. ಹೊರಡುವಾಗ ನಮ್ಮನ್ನು ಕರೆದು ಹೇಳಿದರು: “ಆಡಿಗೆ ಐದು ತಿಂಗಳು ತುಂಬುತ್ತಿದೆ, ಕೆಚ್ಚಲು ಬಿಗಿದಿದೆ. ರಾತ್ರಿ ಎದ್ದು ನೋಡಿ. ಮರಿ ಬಿದ್ದೊಡನೆ ಮೂಗು ಬಾಯಿಯ ಪೊರೆ ಒರೆಸಿ, ತಾಯಿಯ ಮುಂದಿಟ್ಟು ನೆಕ್ಕಲು ಬಿಡಿ. ತಡಮಾಡದೆ ಗಿಣ್ಣು ಹಾಲು ಕುಡಿಸಿ.”

ನಾವು ಮೂವರು ಸಹೋದರರು. ಆ ರಾತ್ರಿ ಸುರಿಮಳೆ. ನಡುರಾತ್ರಿಯಲ್ಲಿ ಆಡು ಕೂಗಿತು. ಮೂವರೂ ಕೇಳಿದೆವು, ಮೂವರೂ ಹೊದಿಕೆಯೊಳಗೆ ಎಚ್ಚರವಾಗಿಯೇ ಇದ್ದೆವು. ಅಣ್ಣ ಏಳುವನೆಂದು ತಮ್ಮ, ತಮ್ಮ ಏಳುವನೆಂದು ಅಣ್ಣ. ಕೂಗು ನಿಂತಿತು.

ಸುಬ್‌ಹಿಗೆ ಎದ್ದು ಲಾಟೀನು ಹಿಡಿದು ಹೋದಾಗ ಎರಡು ಮರಿಗಳಿದ್ದವು. ಒಂದು ಮುಖದ ಮೇಲಿನ ಪೊರೆಯೊಳಗೇ ತಣ್ಣಗಾಗಿತ್ತು. ತಾಯಿ ಅದನ್ನು ಇನ್ನೂ ನೆಕ್ಕುತ್ತಿತ್ತು. ಇನ್ನೊಂದು ನಡುಗುತ್ತಿತ್ತು. ನೆರೆಮನೆಯ ತುಳು ಮಾತಿನ ಅಜ್ಜಿ ಓಡಿ ಬಂದು, ಗೋಣಿಯಿಂದ ಅದರ ಮೈ ತಿಕ್ಕಿ, ಒಲೆಯ ಬಳಿ ಕಾಯಿಸಿ, ಗಿಣ್ಣು ಹಾಲನ್ನು ಹನಿಹನಿಯಾಗಿ ಬಾಯಿಗೆ ಬಿಟ್ಟರು. ಅದು ಬದುಕಿತು.

ಮರಳಿ ಬಂದ ಉಮ್ಮ ಗದರಲಿಲ್ಲ. “ಆಡು ಕೂಗಿದ್ದು ಯಾರಿಗೂ ಕೇಳಿಸಲಿಲ್ಲವೇ?” ಎಂದಷ್ಟೇ ಕೇಳಿದರು. ಮಳೆಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂದೆವು. ಅವರು ತೀರಿಕೊಳ್ಳುವವರೆಗೂ ಆ ಸುಳ್ಳನ್ನು ನಾವು ತಿದ್ದಲಿಲ್ಲ.

ನಿಮ್ಮಲ್ಲಿ ಪ್ರತಿಯೊಬ್ಬನೂ ಮೇಯಿಸುವವನು, ತನ್ನ ಹಿಂಡಿನ ಬಗ್ಗೆ ಪ್ರಶ್ನಿಸಲ್ಪಡುವವನು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಎಲ್ಲರೂ ಸೇರಿ ಎಂದಲ್ಲ, ಪ್ರತಿಯೊಬ್ಬನೂ. ಮೂವರಿಗೆ ಹಂಚಿದರೆ ಹೊಣೆ ಮೂರನೆಯ ಒಂದು ಭಾಗವಾಗುವುದಿಲ್ಲ. ಮೂವರ ಮೇಲೂ ಪೂರ್ತಿಯಾಗಿಯೇ ನಿಲ್ಲುತ್ತದೆ. ಇದನ್ನು ಅರಿಯಲು ನಮಗೆ ಒಂದು ಮೂಕಪ್ರಾಣಿಯ ಜೀವ ಹೋಗಬೇಕಾಯಿತು.

ಇಂದು ತರಗತಿಯಲ್ಲಿ ಒಂದು ಮಗು ಮೂರು ದಿನ ಕಾಣಿಸದಿದ್ದರೆ ಉಸ್ತಾದ್ ವಿಚಾರಿಸುವರೆಂದು ನೆರೆಯವರು, ನೆರೆಯವರು ಹೇಳುವರೆಂದು ಉಸ್ತಾದ್ ಸುಮ್ಮನಿರುವುದುಂಟು. ಜಮಾಅತ್‌ನ ಒಂಟಿ ವೃದ್ಧರ ವಿಷಯದಲ್ಲೂ ಹೀಗೆಯೇ. ಹಾಗೆ ಸುಮ್ಮನಿರಬೇಕೆನಿಸಿದಾಗ ಆ ಕೂಗು ನಮಗೆ ಮತ್ತೆ ಕೇಳಿಸುತ್ತದೆ. ಚಪ್ಪಲಿ ಮೆಟ್ಟಿ ಹೊರಡುತ್ತೇವೆ.

ಅಲ್ಲಾಹನು ನಮ್ಮ ಆ ಲೋಪವನ್ನೂ ಆ ಸುಳ್ಳನ್ನೂ ಮನ್ನಿಸಲಿ. ಉಮ್ಮನ ಕಬರನ್ನು ಬೆಳಗಿಸಲಿ. ನಮಗೊಪ್ಪಿಸಿದ ಹಿಂಡಿನ ಕೂಗಿಗೆ ಎದ್ದು ಹೋಗುವ ಮನಸ್ಸನ್ನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.