ಬದುವಿನ ಕಳೆ

ನೀವು ಕಪ್ಪ ಎಂದು ಬೇಯಿಸಿ ಮೀನುಸಾರಿನ ಜೊತೆ ತಿನ್ನುವ ಮರಗೆಣಸು ನಮ್ಮ ಸೇಲಂ, ಧರ್ಮಪುರಿಗಳಲ್ಲಿ ಬಹುಮಟ್ಟಿಗೆ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಹಿಟ್ಟಾಗಿ, ಸಬ್ಬಕ್ಕಿಯಾಗಿ, ನಿಮ್ಮ ಪಾಯಸದ ಪಾತ್ರೆಗೇ ಬರುತ್ತದೆ. ಆದ್ದರಿಂದ ಈ ಕಥೆ ನಿಮಗೆ ತೀರಾ ಹೊರಗಿನದಲ್ಲ. ಅದರ ಪಿಡುಗು ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೂ ಕೇರಳದಲ್ಲೇ, 2020ರಲ್ಲಿ, ತ್ರಿಶ್ಶೂರಿನಲ್ಲಿ.

ಪಿಡುಗು ಎಂದರೆ ಹಿಟ್ಟುತಿಗಣೆ. ತಮಿಳಿನವರು ಮಾವುಪೂಚ್ಚಿ ಎನ್ನುತ್ತಾರೆ. ಗಂಡಿನ ಹಂಗಿಲ್ಲದೆ ಹೆಣ್ಣೇ ಸಂತಾನ ಬೆಳೆಸುವ ಹುಳು. ಕುಡಿಯ ರಸ ಹೀರಿದರೆ ಎಲೆ ಮುದುಡಿ ಗೊಂಚಲಾಗುತ್ತದೆ, ಗಿಡ ಗಿಡ್ಡವಾಗಿಬಿಡುತ್ತದೆ. ಮರುವರ್ಷ ನಮ್ಮ ಸೋದರಮಾವನ ಹೊಲಕ್ಕೂ ಬಂತು.

ಬೆಳೆಸಾಲದ ಕಾಗದ ಬರೆದವನು ನಾನು. ಬ್ಯಾಂಕಿನ ಗುಮಾಸ್ತನಿಗೆ ಎಲ್ಲವೂ ಗೊತ್ತು ಎಂಬ ಭ್ರಮೆ ಹಳ್ಳಿಯವರಿಗಿದೆ, ಗುಮಾಸ್ತನಿಗೂ ಸ್ವಲ್ಪ ಇರುತ್ತದೆ. "ಹೊಲ ಶುಚಿಯಾಗಿರಲಿ ಮಾವ, ಬದುವಿನ ಕಳೆ ತೆಗೆಸಿ, ಔಷಧ ಹೊಡೆಸಿ" ಎಂದೆ. ಮಾವ ಬದು ಬೋಳಿಸಿದರು, ನಡುವೆ ಹಾಕಿದ್ದ ಈರುಳ್ಳಿಯನ್ನೂ ಬಿಟ್ಟರು, ಔಷಧ ಹೊಡೆಸಿದರು. ಬಿಳಿ ಹಿಟ್ಟು ಮಾಯವಾಯಿತು. ಕೆಲವು ವಾರಗಳಲ್ಲಿ ಇಮ್ಮಡಿಯಾಗಿ ಮರಳಿತು. ಮತ್ತೆ ಹೊಡೆಸಿದರು. ಆ ಸಲದ ಸಾಲ ನನ್ನ ಮೇಜಿನ ಮೇಲೇ ಸುಸ್ತಿಯಾಯಿತು.

ಕಾರಣ ತಿಳಿದದ್ದು ತಡವಾಗಿ, ಪುಸ್ತಕಗಳಿಂದ. 1934ರಲ್ಲಿ ಗಾಸೆ ಎಂಬ ರಷ್ಯದ ವಿಜ್ಞಾನಿ ಗಾಜಿನ ನಳಿಕೆಯಲ್ಲಿ ಪ್ಯಾರಮೀಸಿಯಂ ಎಂಬ ಕಣ್ಣಿಗೆ ಕಾಣದ ಜೀವಿಯನ್ನೂ ಅದನ್ನು ತಿನ್ನುವ ಡಿಡೀನಿಯಂ ಅನ್ನೂ ಬಿಟ್ಟ. ಅಡಗಲು ಮೂಲೆಯಿಲ್ಲ. ತಿನ್ನುವುದು ಎಲ್ಲವನ್ನೂ ತಿಂದು ಮುಗಿಸಿ, ತಾನೂ ಹಸಿದು ಸತ್ತಿತು. ತಳದಲ್ಲಿ ಕೆಸರಿನಂಥ ಗಸಿ ಇದ್ದಾಗ ಬೇಟೆ ಅದರಲ್ಲಿ ಅಡಗಿ ಉಳಿಯಿತು. ಬೇಟೆಗಾರನೇ ಉಪವಾಸ ಬಿದ್ದ. 1958ರಲ್ಲಿ ಕ್ಯಾಲಿಫೋರ್ನಿಯದ ಹಫೇಕರ್ ಕಿತ್ತಳೆ ಹಣ್ಣುಗಳ ಮೇಲೆ ಎರಡು ಜಾತಿಯ ನುಸಿಗಳನ್ನು ಸಾಕಿದ. ಹಣ್ಣು ಸರಳವಾಗಿ ಜೋಡಿಸಿದರೆ ಇದೇ ಗತಿ. ನಡುವೆ ವ್ಯಾಸಲಿನ್ ಗೋಡೆ ಹಚ್ಚಿ, ಬೇಟೆಯ ನುಸಿ ನೂಲಿಗೆ ಜೋತು ಗಾಳಿಯಲ್ಲಿ ತೇಲಿಹೋಗಲು ಕಡ್ಡಿ ನಿಲ್ಲಿಸಿದಾಗ, ಎರಡೂ ಮೂರು ಸಲ ಏರಿ ಮೂರು ಸಲ ಇಳಿದು ಬಹುಕಾಲ ಬಾಳಿದವು. ಜಾಗ ತೊಡಕಾಗಿದ್ದಷ್ಟೂ ಬಾಳು ಗಟ್ಟಿ. ನಾನು ಮಾವನ ಹೊಲವನ್ನು ಗಾಸೆಯ ಬರಿ ನಳಿಕೆ ಮಾಡಿಸಿದ್ದೆ. ಔಷಧವಂತೂ ತಿಗಣೆಗಿಂತ ಮೊದಲು ಅದರ ವೈರಿಗಳನ್ನೇ ಕೊಂದಿರಬೇಕು.

ಆಫ್ರಿಕದಲ್ಲಿ ಇದೇ ತಿಗಣೆ ಎಪ್ಪತ್ತರ ದಶಕದಲ್ಲಿ ಕಾಲಿಟ್ಟಿತ್ತು. ದಕ್ಷಿಣ ಅಮೆರಿಕದಿಂದ ತಂದ ಅನಗೈರಸ್ ಲೋಪೆಜಿ ಎಂಬ ಪುಟ್ಟ ಕಣಜ ಅಲ್ಲಿ ಅದನ್ನು ಹದ್ದಿನಲ್ಲಿಟ್ಟಿತು. ಅದನ್ನೇ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಬೆನಿನ್ ದೇಶದಿಂದ ತರಿಸಿ ಬೆಳೆಸಿತು. 2022ರ ಮಾರ್ಚ್ 7ರಂದು ನಮ್ಮ ಸೇಲಂ ಜಿಲ್ಲೆಯ ಏತಾಪುರದ ಮರಗೆಣಸು ಸಂಶೋಧನಾ ಕೇಂದ್ರದಲ್ಲಿ ಮೊದಲು ಬಿಟ್ಟರು. ತ್ರಿಶ್ಶೂರು, ಬೆಂಗಳೂರು, ಸೇಲಂ: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನನಗೆ ಈ ಹುಳುವಿನ ಓಡಾಟ ಅಪರಿಚಿತ ಎನಿಸಲಿಲ್ಲ. ಕಣಜ ತಿಗಣೆಯ ಹೊಟ್ಟೆಯೊಳಗೇ ಮೊಟ್ಟೆ ಇಡುತ್ತದೆ. ಮರಿ ಅದನ್ನು ತಿಂದು ಬರಿ ಚಿಪ್ಪು ಮಾಡಿ, ತೂತು ಕೊರೆದು ಹೊರಬರುತ್ತದೆ. ಬೆಳೆದ ಕಣಜಕ್ಕೋ ಹೂವಿನ ಸಿಹಿ ಬೇಕು. ಬದುವಿನಲ್ಲಿ ನಾನು ಕೀಳಿಸಿದ್ದು ಅದನ್ನೇ.

ಕಳೆದ ಸಲ ಹೋದಾಗ ಮಾವನ ಬದುವಿನ ತುಂಬ ಹೆಸರಿಲ್ಲದ ಗಿಡಗಳು. ಸಾಲುಗಳ ನಡುವೆ ಈರುಳ್ಳಿ. ಮಾವ ಎಲೆಯೊಂದನ್ನು ತಿರುಗಿಸಿ ತೋರಿಸಿದರು. ಕಂದು ಬಣ್ಣದ ಚಿಪ್ಪುಗಳು, ಪ್ರತಿಯೊಂದಕ್ಕೂ ಸೂಜಿಮೊನೆಯಷ್ಟು ತೂತು. ಪಕ್ಕದಲ್ಲೇ ನಾಲ್ಕೈದು ಬಿಳಿ ತಿಗಣೆ ಜೀವಂತ.

"ಇನ್ನೂ ಇದೆಯಲ್ಲ ಮಾವ?"

"ಇರಲಿ ಬಿಡಪ್ಪ. ಇದು ಪೂರ್ತಿ ಹೋದರೆ ಆ ಕಣಜ ಏನು ತಿಂತದೆ?"

ಹಳೆಯ ಸಾಲದ ಒಂದು ಕಂತು ಇನ್ನೂ ಬಾಕಿ ಇತ್ತು. ಆ ದಿನ ನಾನು ಅದರ ಮಾತೆತ್ತಲಿಲ್ಲ.