ಗಿಟಾರ್ ಇದ್ದ ಶುಕ್ರವಾರ, ಇಲ್ಲದ ಶನಿವಾರ

ನ್ಯೂಯಾರ್ಕಿಗೆ ಆನ್‌ಸೈಟ್ ಬಂದು ಎರಡು ತಿಂಗಳಾಗಿತ್ತು. ಸೋಮವಾರ ಮೈಸೂರಲ್ಲಿ ಅಮ್ಮನಿಗೆ ಆಪರೇಷನ್. ರಿಲೀಸ್ ಹತ್ತಿರ ಇದ್ದಿದ್ದರಿಂದ ನಾನು ಹೊರಡೋ ಹಾಗಿರಲಿಲ್ಲ. "ರೂಮಲ್ಲಿ ಕೂತು ಫೋನ್ ನೋಡ್ತಾ ಇರ್ಬೇಡ, ನನ್ ಜೊತೆ ಬಾ" ಅಂತ ಟೀಮಿನ ಗೆಳೆಯ ಕರೆದ. ಅವನು ಯಹೂದಿ. ಕರೆದದ್ದು ಸಿನಗಾಗ್‌ಗೆ, ಅಂದರೆ ಅವರ ಪ್ರಾರ್ಥನಾ ಮಂದಿರಕ್ಕೆ.

ಲೆಕ್ಸಿಂಗ್ಟನ್ ಅವೆನ್ಯೂನ ಸೆಂಟ್ರಲ್ ಸಿನಗಾಗ್ ಕಟ್ಟಿದ್ದು 1872ರಲ್ಲಿ. 1998ರಲ್ಲಿ ಬೆಂಕಿಗೆ ಸಿಕ್ಕಿತ್ತಂತೆ. ಈಗ ಗೋಡೆ ತುಂಬ ಬಣ್ಣದ ಚಿತ್ತಾರ. ಇಲ್ಲಿನ ಮುಖ್ಯ ರಬ್ಬಿ ಆಂಜೆಲಾ ಬುಕ್‌ಡಾಲ್ ಅವರ ತಾಯಿ ಕೊರಿಯಾದವರು. ರಬ್ಬಿಯಾಗುವ ಮೊದಲೇ ಆಕೆ ಕ್ಯಾಂಟರ್, ಅಂದರೆ ಪ್ರಾರ್ಥನೆ ಹಾಡಿಸುವವರು, ಆಗಿದ್ದರು.

ಶುಕ್ರವಾರ ಸೂರ್ಯ ಮುಳುಗಿದರೆ ಶಬ್ಬಾತ್ ಶುರು. ಗಿಟಾರ್, ಪಿಯಾನೋ ಜೊತೆ 'ಲೆಖಾ ದೋದಿ' ಹಾಡಿದರು. ಹದಿನಾರನೇ ಶತಮಾನದ ಹಾಡು, ಇವತ್ತಿನ ಟ್ಯೂನು. ಕೊನೆಯ ಚರಣಕ್ಕೆ ಎಲ್ಲರೂ ಬಾಗಿಲ ಕಡೆ ತಿರುಗಿ ನಿಂತರು. ಶಬ್ಬಾತ್ ಎಂಬ ಮದುಮಗಳು ಬರ್ತಾಳಲ್ಲ, ಎದುರುಗೊಳ್ಳಬೇಕು. ನಾನು ತಡವಾಗಿ ತಿರುಗಿದೆ.

ಆಮೇಲೆ ಕಾಯಿಲೆಯವರಿಗಾಗಿ ಪ್ರಾರ್ಥನೆ. ಡೆಬಿ ಫ್ರೀಡ್‌ಮನ್ ಎಂಬ ಗಾಯಕಿ ಹಳೆಯ ಹೀಬ್ರೂ ಪ್ರಾರ್ಥನೆಯೊಂದನ್ನು ಇಂಗ್ಲಿಷ್ ಬೆರೆಸಿ ಹಾಡು ಮಾಡಿದ್ದಾರೆ. 2011ರಲ್ಲಿ ಅವರು ತೀರಿಕೊಂಡರು, ಹಾಡು ಉಳಿದಿದೆ. ಹಾಡಿಗೆ ಮುಂಚೆ ಕೂತಲ್ಲೇ ಜನ ತಮ್ಮವರ ಹೆಸರು ಹೇಳ್ತಾರೆ. ಗೆಳೆಯ ಮೊಣಕೈಯಿಂದ ತಿವಿದ. ಅಮ್ಮನ ಹೆಸರು ಹೇಳಿದೆ. ಗಂಟಲು ಕಟ್ಟಿದ್ದರಿಂದ ಯಾರಿಗೂ ಕೇಳಿಸಿರಲಿಕ್ಕಿಲ್ಲ.

"ಇದನ್ನ ನಮ್ಮ ತಾತನ ಹತ್ರ ಹೇಳ್ಬೇಡ" ಅಂದ ಗೆಳೆಯ. ತಾತ ಬ್ರೂಕ್ಲಿನ್‌ನಲ್ಲಿ ಆರ್ಥೊಡಾಕ್ಸ್ ಸಿನಗಾಗ್‌ಗೆ ಹೋಗುವವರು. ಅಲ್ಲಿ ಶಬ್ಬಾತ್ ದಿನ ವಾದ್ಯ ಮುಟ್ಟೋ ಹಾಗಿಲ್ಲ. ತಂತಿ ಹರಿದರೆ ರಿಪೇರಿ ಮಾಡೋಕೆ ಕೈ ಹೋಗುತ್ತೆ, ಅದು ಕೆಲಸ. ಶಬ್ಬಾತ್ ದಿನ ಕೆಲಸ ನಿಷಿದ್ಧ. ಜೊತೆಗೆ ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದ ಶೋಕವೂ ಸೇರಿಕೊಂಡಿದೆ. ಈ ಜಗಳ ಹೊಸದೂ ಅಲ್ಲ. ಹ್ಯಾಂಬರ್ಗ್‌ನಲ್ಲಿ 1818ರಲ್ಲಿ ಸುಧಾರಣಾವಾದಿಗಳು ಮಂದಿರದಲ್ಲಿ ಆರ್ಗನ್ ಇಟ್ಟಾಗ ಯುರೋಪಿನ ರಬ್ಬಿಗಳು ಪುಸ್ತಕವನ್ನೇ ಹೊರತಂದು ವಿರೋಧಿಸಿದ್ದರು.

ಶನಿವಾರ ಬೆಳಿಗ್ಗೆ ನಾವು ಸಬ್‌ವೇಯಲ್ಲಿ ಹೋದೆವು (ಇದನ್ನೂ ತಾತನಿಗೆ ಹೇಳಬಾರದು). ಬಾಗಿಲಲ್ಲೇ ಫೋನ್ ಆಫ್ ಮಾಡಬೇಕಾಯ್ತು. ನಿಜ ಹೇಳ್ತೀನಿ, ಮೊದಲ ಅರ್ಧ ಗಂಟೆ ಒದ್ದಾಡಿಬಿಟ್ಟೆ. ಊರಿಂದ ಕಾಲ್ ಬಂದರೆ? ಅಲ್ಲಿ ಸ್ಟೇಜ್ ಇಲ್ಲ, ಮೈಕ್ ಇಲ್ಲ. ಒಬ್ಬೊಬ್ಬರೂ ತಮ್ಮದೇ ವೇಗದಲ್ಲಿ ಗುನುಗುತ್ತಾರೆ, ಆಗಾಗ ಎಲ್ಲ ದನಿಗಳೂ ಒಂದೇ ಸಾಲಲ್ಲಿ ಬಂದು ಸೇರುತ್ತವೆ, ಮತ್ತೆ ಚದುರುತ್ತವೆ. ದಿನಕ್ಕೊಂದು, ಹಬ್ಬಕ್ಕೊಂದು ಧಾಟಿ ಇದೆ. ನಮ್ಮಲ್ಲಿ ಹೊತ್ತಿಗೊಂದು ರಾಗ ಅನ್ನೋ ಥರ.

ತೋರಾ ಸುರುಳಿ ಬಿಚ್ಚಿ ಓದುವಾಗ ಮಾತ್ರ ನಾನು ಕಣ್ಣು ಕೀಳಲಿಲ್ಲ. ಸುರುಳಿಯಲ್ಲಿ ಬರೀ ವ್ಯಂಜನಗಳು. ಸ್ವರಚಿಹ್ನೆ ಇಲ್ಲ, ರಾಗದ ಗುರುತೂ ಇಲ್ಲ. ಆ ಗುರುತುಗಳಿರೋ ಅಚ್ಚಿನ ಪುಸ್ತಕ ನೋಡಿ ಮೊದಲೇ ಬಾಯಿಪಾಠ ಮಾಡಿ ಬರಬೇಕು. ಒಂದು ಕಡೆ ಓದುವವನು ತಪ್ಪಿದ. ತಕ್ಷಣ ನಾಲ್ಕೈದು ದನಿ ಜೋರಾಗಿ ತಿದ್ದಿದವು. ಅವನು ಮುಖ ಕೆಂಪಾಗಿಸಿಕೊಳ್ಳದೆ ಆ ಪದವನ್ನ ಮತ್ತೆ ಓದಿದ. ನಮ್ಮ ಕೋಡ್ ರಿವ್ಯೂಗಳಲ್ಲಿ ಈ ಸಮಾಧಾನ ಕಂಡಿಲ್ಲ.

ಯಾವುದು ಇಷ್ಟವಾಯ್ತು ಅಂತ ಗೆಳೆಯ ಕೇಳಿದ್ದ. ಶುಕ್ರವಾರ ಅಳು ಬಂತು, ಶನಿವಾರ ಉಸಿರು ನಿಧಾನವಾಯ್ತು ಅಂದೆ.

ಹೊರಗೆ ತಾತ ಕೈ ಹಿಡಿದುಕೊಂಡರು. ಮೊಮ್ಮಗ ಎಲ್ಲಾ ಹೇಳಿದ್ದ. "ನಿಮ್ಮ ತಾಯಿಯ ಹೆಸರೇನು? ಅವರ ತಾಯಿಯ ಹೆಸರು?" ಗಿಟಾರಿನ ಹಾಡಾಗಿದ್ದ ಆ ಪ್ರಾರ್ಥನೆಯ ಹಳೆಯ ರೂಪದಲ್ಲಿ ರೋಗಿಯನ್ನು ತಾಯಿಯ ಹೆಸರಿಂದ ಗುರುತಿಸ್ತಾರಂತೆ. ಅರ್ಚನೆಗೆ ಗೋತ್ರ ಹೇಳಿ ಅಭ್ಯಾಸವಾದ ನನಗೆ ಅಜ್ಜಿಯ ಹೆಸರು ನೆನಪಿಗೆ ಬರಲು ಒಂದು ಕ್ಷಣ ಬೇಕಾಯ್ತು.

ಶಬ್ಬಾತ್ ದಿನ ಬರೆಯುವಂತಿಲ್ಲ. ಹಾಗಾಗಿ ತಾತ ಎರಡೂ ಹೆಸರನ್ನು ಬಾಯಲ್ಲೇ ಉರು ಹೊಡೆದರು. ಅಜ್ಜಿ ಹೆಸರಿನ 'ಳ' ನಾಲಿಗೆಗೆ ಸಿಗಲಿಲ್ಲ. ನಾನು ತಿದ್ದಿದೆ. ಅವರು ಮತ್ತೆ ಹೇಳಿದರು. ಮತ್ತೆ ತಿದ್ದಿದೆ. ಮೂರನೇ ಸಲಕ್ಕೆ ಸರಿ ಬಂತು.